ಎಡಬಾಗಿಲಿನ ಗೀರು

ರಫೂ ಅಕ್ಕ ಎಂದರೆ ಆ ಬೀದಿಗೆಲ್ಲ ಗೊತ್ತು. ಹರಿದ ಬಟ್ಟೆಗೆ ನೂಲು ಹೆಣೆದು, ಎಲ್ಲಿ ಹರಿದಿತ್ತೆಂದು ಉಟ್ಟವರಿಗೇ ತಿಳಿಯದಂತೆ ಮಾಡುವವಳು. ತೇಪೆ ಕಂಡರೆ ಅವಳಿಗೆ ಮೈಯೆಲ್ಲ ಉರಿ. ಅವಳ ಗಂಡನೋ, ಜೀವನವಿಡೀ ಕಂಡವರ ಕಾರು ಓಡಿಸಿ ಒಂದಕ್ಕೂ ಗೀರು ಬೀಳದಂತೆ ನೋಡಿಕೊಂಡ ಪುಣ್ಯಾತ್ಮ. ಅಂಥವನು ಕಡೆಗೊಮ್ಮೆ ತನ್ನದೇ ಹೊಸ ಕಾರು ಕೊಂಡು, ಮನೆಗೆ ತಂದ ದಿನವೇ ಅದರ ಎಡಬಾಗಿಲನ್ನು ಗೇಟಿನ ಕಂಬಕ್ಕೆ ಉಜ್ಜಿಬಿಟ್ಟ.

ಗೇಣುದ್ದದ ಗೀರು, ಅಷ್ಟೇ. ಅವಳು ಬಾಯಿಗೆ ಬಂದಹಾಗೆ ಬೈದಳು. "ಇದನ್ನ ಸರಿ ಮಾಡಿಸದೆ ಮನೆಯೊಳಗೆ ಕಾಲಿಡಬೇಡಿ" ಎಂದಳು. ಅವನು ಹಾಗೇ ಕಾರು ತಿರುಗಿಸಿಕೊಂಡು ಹೊರಟ. ಗ್ಯಾರೇಜು ತಲುಪಲಿಲ್ಲ, ದಾರಿಯಲ್ಲೇ ಎದೆ ಹಿಡಿದುಕೊಂಡಿತು. ಸಾಯುವಾಗಲೂ ಡ್ರೈವರ್ ಡ್ರೈವರೇ: ಕಾರನ್ನು ಬದಿಗೆ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಇಂಡಿಕೇಟರ್ ಹಾಕಿದ್ದ.

ಅದಾದ ಮೇಲೆ ದಿನವೂ ಕತ್ತಲಾಗುವ ಹೊತ್ತಿಗೆ ಗೇಟಿನ ಚಿಲಕ ಸದ್ದಾಗತೊಡಗಿತು. ಚಪ್ಪಲಿಯ ಸದ್ದು ಮೆಟ್ಟಿಲ ತನಕ ಬಂದು ಅಲ್ಲೇ ನಿಲ್ಲುತ್ತಿತ್ತು. ಬಾಗಿಲು ತೆಗೆದರೆ ಯಾರೂ ಇಲ್ಲ. "ಗಾಳಿ ಕಣಮ್ಮ" ಎನ್ನುತ್ತಿದ್ದಳು ಮಗಳು. ಕ್ಲಚ್ಚು ತುಳಿದು ತುಳಿದು ಸವೆದ ಎಡಗಾಲನ್ನು ಎಳೆದುಕೊಂಡು ನಡೆಯುವ ಗಾಳಿ ಎಲ್ಲಾದರೂ ಉಂಟೇ? ಅವಳಿಗೆ ಹೆದರಿಕೆಯಾಗಲಿಲ್ಲ. ತಾನಾಡಿದ ಒಂದು ಮಾತು ಹಿಡಿದುಕೊಂಡು ಮನುಷ್ಯ ಹೊರಗೇ ನಿಂತಿದ್ದಾನೆ. "ನಾನು ಹೇಳಿದ್ದು ಬಿಡಿ, ಒಳಗೆ ಬನ್ನಿ" ಎಂದು ಕತ್ತಲಿಗೆ ಎಷ್ಟು ಕರೆದರೂ ಬರಲಿಲ್ಲ. ಹಟದಲ್ಲಿ ಅವನೇನು ಕಡಿಮೆಯವನಲ್ಲ. ಗೀರು ಹೋಗದೆ ಅವನು ಒಳಗೆ ಬರುವುದಿಲ್ಲ ಎಂದು ಅವಳಿಗೆ ಖಾತ್ರಿಯಾಯಿತು.

ಕಾರಿಗೆ ಬಣ್ಣ ಹೊಡೆಯುವವನು ಗೀರಿಗೆ ಅಡ್ಡಲಾಗಿ ಉಗುರು ಎಳೆದು ನೋಡಿದ. ಉಗುರು ಸಿಕ್ಕಿಕೊಂಡಿತು.

"ಪಾಲಿಶ್‌ಗೆ ಹೋಗಲ್ಲಕ್ಕ, ಆಳ ಇದೆ. ಸಣ್ಣ ಬ್ರಶ್ಶಲ್ಲಿ ಬಣ್ಣ ತುಂಬಿಬಿಡ್ತೀನಿ. ತುಕ್ಕು ಹಿಡಿಯಲ್ಲ."

"ಗೊತ್ತಾಗುತ್ತಾ?"

"ಹತ್ತಿರ ಬಂದು ನೋಡಿದ್ರೆ ಒಂದು ಎಳೆಯಷ್ಟು ಗೊತ್ತಾಗುತ್ತೆ. ದೂರದಿಂದ ಯಾರಿಗೂ ಕಾಣಲ್ಲ."

"ಅವರು ಹತ್ತಿರ ಬಂದೇ ನೋಡೋದು."

ಯಾರು ಎಂದು ಅವನು ಕೇಳಲಿಲ್ಲ. "ಹಾಗಾದ್ರೆ ಇಡೀ ಬಾಗಿಲು ಉಜ್ಜಿ ಹೊಸದಾಗಿ ಹೊಡೀಬೇಕು. ಇಷ್ಟು ಸಣ್ಣದಕ್ಕೆ ಯಾಕಕ್ಕ? ಕಂಪನಿ ಬಣ್ಣ ಹೋಗ್ಬಿಡುತ್ತೆ."

"ಬ್ರಶ್ಶೇ ಸಾಕಮ್ಮ" ಎಂದಳು ಮಗಳು. "ಅಪ್ಪನ ಕೈಯಿಂದ ಆಗಿದ್ದು. ಒಂಚೂರು ಉಳ್ಕೊಳ್ಳಲಿ."

ರಫೂ ಅಕ್ಕನಿಗೆ ಕಸುಬಿನ ಹಮ್ಮು ನೆತ್ತಿಗೇರಿತು. "ಅರ್ಧಂಬರ್ಧ ಕೆಲಸ ನನಗಾಗಲ್ಲ. ಇಲ್ಲಿ ಗೀರಿತ್ತು ಅಂತ ನಾನೇ ಹುಡುಕಿದ್ರೂ ಸಿಗಬಾರದು."

ಬಣ್ಣದವನು ಅವಳು ಹೇಳಿದಂತೆಯೇ ಇಡೀ ಬಾಗಿಲಿಗೆ ಹೊಸ ಬಣ್ಣ ಹೊಡೆದುಕೊಟ್ಟ. ಅವಳು ಬಿಸಿಲಲ್ಲಿ ಕಣ್ಣು ಕಿರಿದು ಮಾಡಿ, ಬೆರಳ ತುದಿ ಆಡಿಸಿ ಹುಡುಕಿದಳು. ಏನೂ ಸಿಗಲಿಲ್ಲ. ಆ ಸಂಜೆ ಮುಂಬಾಗಿಲು ಹಾರುಹೊಡೆದು, ಅವನ ಕುರ್ಚಿಯ ಮೇಲೆ ಪೇರಿಸಿದ್ದ ಗಿರಾಕಿಗಳ ಬಟ್ಟೆಯನ್ನೆಲ್ಲ ಎತ್ತಿಟ್ಟು ಕಾದಳು. ಕತ್ತಲಾಯಿತು. ಗೇಟು ಸದ್ದಾಗಲಿಲ್ಲ. ಮರುದಿನವೂ ಇಲ್ಲ, ಅದರ ಮರುದಿನವೂ ಇಲ್ಲ. ಹೇಳಿದ ಕೆಲಸ ಆಯಿತಲ್ಲ ಎಂದು ಅವನು ಹೊರಟೇ ಹೋಗಿದ್ದ. ಇದು ಅವಳಿಗೆ ಅರ್ಥವಾಗಲು ಮೂರು ಸಂಜೆ ಬೇಕಾಯಿತು.

ಬೆಳಗ್ಗೆ ಮಗಳು ಹಲ್ಲುಜ್ಜುತ್ತ ಹೊರಗೆ ಬಂದಾಗ ಅಮ್ಮ ಕಾರಿನ ಪಕ್ಕ ಕುಕ್ಕರಗಾಲಲ್ಲಿ ಕೂತು, ಬೀಗದ ಕೈಯಿಂದ ಎಡಬಾಗಿಲನ್ನು ಗೀರುತ್ತಿದ್ದಳು. ಅದೇ ಜಾಗ, ಅದೇ ಗೇಣುದ್ದ.

"ಅಮ್ಮ, ಏನು ಮಾಡ್ತಿದ್ದೀಯ?"

"ಒಳಗೆ ಬರದಿದ್ರೆ ಬೇಡ ಬಿಡು. ಮೆಟ್ಟಿಲ ತನಕನಾದ್ರೂ ಬರಲಿ."

ಮಗಳು ಬೀಗದ ಕೈ ಕಸಿದುಕೊಳ್ಳಲಿಲ್ಲ. ಪಕ್ಕದಲ್ಲಿ ಕೂತು ಅಮ್ಮನ ಬೆನ್ನು ಸವರಿದಳು.

ಅಂದು ಸಂಜೆ ಇಬ್ಬರೂ ಕಿವಿಗೊಟ್ಟು ಕೂತರು. ಗೇಟು ಅಲ್ಲಾಡಲಿಲ್ಲ. ಗೀರೇನೋ ಮೊದಲಿನದರ ಪಡಿಯಚ್ಚಿನಂತಿತ್ತು, ಪಳಗಿದ ಕೈ ಅಲ್ಲವೇ. ಆದರೆ ಇದು ಅವಳು ಮಾಡಿದ ಗೀರು. ಇದಕ್ಕಾಗಿ ಅವನು ಹೊರಗೆ ನಿಲ್ಲಬೇಕಾಗಿರಲಿಲ್ಲ.