ತಲೆ ತೂರದ ಸ್ವೆಟರ್

ಸ್ವೆಟರ್‌ಗಳನ್ನು ತಾನೇ ವಿನ್ಯಾಸ ಮಾಡಿ, ಹೆಣೆಯುವ ವಿಧಾನ ಬರೆದು ಮಾರುವುದು ಅವಳ ಕಸುಬು. ಹೊಸ ಸ್ವೆಟರಿನ ವಿಧಾನ ನಾಳೆ ಬರುತ್ತದೆಂದು ಗಿರಾಕಿಗಳಿಗೆ ಮಾತು ಕೊಟ್ಟಾಗಿತ್ತು. ಅದನ್ನು ನೋಡಿಕೊಂಡು ಪರೀಕ್ಷೆಗೆಂದು ಹೆಣೆದಿದ್ದ ಅತ್ತಿಗೆ ಸ್ವೆಟರನ್ನು ಮೇಜಿನ ಮೇಲೆ ಎಸೆದಳು.

“ನೀನು ಬರೆದ ಹಾಗೇ ಹೆಣೆದೆ ಕಣೇ. ಕುತ್ತಿಗೇಲಿ ತಲೆನೇ ತೂರಲ್ಲ. ತಲೆ ಇಲ್ಲದವರಿಗೆ ಮಾರ್ತೀಯಾ?”

“ನಾನು ಹೆಣೆದಿದ್ದು ಸರಿಯಾಗೇ ಇದೆ ಅತ್ತಿಗೆ. ನಿಮ್ಮ ಕೈ ಹೆಣಿಗೆನೇ ಬಿಗಿ.”

“ಎಲ್ಲಿ, ನನ್ನೆದುರಿಗೆ ಹೆಣಿ ನೋಡೋಣ.”

ಅವಳು ಸೂಜಿ ಹಿಡಿದು ಕುತ್ತಿಗೆ ಹೆಣೆದಳು. ಕೊನೆಯ ಸಾಲಿಗೆ ಬಂದಾಗ ಬೆರಳುಗಳು ತಾವಾಗಿಯೇ ನೂಲನ್ನು ಸಡಿಲ ಬಿಟ್ಟವು. ವರ್ಷಗಳ ಅಭ್ಯಾಸ, ಬರೆದಿದ್ದರಲ್ಲಿ ಅದರ ಸುದ್ದಿಯೇ ಇರಲಿಲ್ಲ.

“ಕಾಗದದ ಜೊತೆ ನಿನ್ನ ಕೈನೂ ಕಳಿಸ್ತೀಯಾ?” ಎಂದಳು ಅತ್ತಿಗೆ.

ಅವಳು “ತಪ್ಪು ನನ್ನದು, ಒಂದು ವಾರ ತಡ” ಎಂದು ಗಿರಾಕಿಗಳಿಗೆ ಬರೆದಳು. ಆಮೇಲೆ ಸ್ವೆಟರಿನ ಕುತ್ತಿಗೆ ಬಿಚ್ಚಿ, ತನ್ನ ಕೈ ಮಾಡಿದ್ದನ್ನೆಲ್ಲ ಸಾಲುಸಾಲಾಗಿ ಕಾಗದದಲ್ಲಿ ಗುರುತು ಹಾಕಿಕೊಳ್ಳುತ್ತ ಮತ್ತೆ ಹೆಣೆಯತೊಡಗಿದಳು.