ಮೂವತ್ತೇಳರ ಒಳಗೆ

ಗಂಡ ಸವೆಂಗನ ಫೋಟೋದ ಪಕ್ಕದಲ್ಲಿ ನಾನು ಬರೆದ ಗ್ರಾಫ್ ಇನ್ನೂ ನೇತಾಡುತ್ತಿದೆ. ಯಾವುದನ್ನು ಮೊದಲು ತೆಗೆಯಬೇಕೆಂದು ತೋಚದೆ ಎರಡನ್ನೂ ಬಿಟ್ಟಿದ್ದೇನೆ.

ಸವೆಂಗನಿಗೆ ಪಿತ್ತನಾಳದ ಬುಡದಲ್ಲಿ, ಮೇದೋಜೀರಕಕ್ಕೆ ಅಂಟಿಕೊಂಡಂತೆ ಗೆಡ್ಡೆಯಾಗಿತ್ತು. ಆಪರೇಷನ್ ಆದ ಮೇಲೆ, ಅದು ಮರಳಿತೇ ಎಂದು ತಿಳಿಯಲು ಆಗಾಗ ರಕ್ತಪರೀಕ್ಷೆ. ಅಂಕಿ ಮೂವತ್ತೇಳರ ಒಳಗಿದ್ದರೆ ಸರಿ. ಅವನದು ಯಾವಾಗಲೂ ಎರಡು. ಖೊನ್ ಕೇನ್‌ನ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸುವ ನಾನು, ಇಷ್ಟು ಚೆನ್ನಾಗಿರುವಾಗ ಸ್ಕ್ಯಾನ್ ಯಾಕೆಂದು ಮುಂದೂಡಿಸಿ, ಆ ಅಂಕಿಗಳ ಗ್ರಾಫ್ ಬರೆದು ಊಟದ ಚಾಪೆಯ ಮೇಲೆ ಮನೆಯವರಿಗೆಲ್ಲ ಪಾಠ ಮಾಡಿದೆ. ಅಷ್ಟು ನೇರವಾದ ಗೆರೆಯನ್ನು ನನ್ನ ಯಾವ ವಿದ್ಯಾರ್ಥಿಯೂ ಎಳೆದಿರಲಿಲ್ಲ.

ಗೆಡ್ಡೆ ಮರಳಿ ಅವನು ತೀರಿಕೊಂಡ ವಾರವೂ ಅಂಕಿ ಎರಡೇ. ಕೆಲವರ ರಕ್ತದಲ್ಲಿ ಆ ಪರೀಕ್ಷೆ ಅಳೆಯುವ ವಸ್ತು ಹುಟ್ಟಿನಿಂದಲೇ ತಯಾರಾಗುವುದಿಲ್ಲ, ಗೆಡ್ಡೆ ಎಷ್ಟೇ ಬೆಳೆಯಲಿ ಎಂದು ಡಾಕ್ಟರು ಆಮೇಲೆ ಹೇಳಿದರು. ಗಂಟೆಯೇ ಇಲ್ಲದ ಗುಡಿಯಲ್ಲಿ ಸದ್ದಿಲ್ಲವೆಂದು ನೆಮ್ಮದಿಯಾಗಿ ಕೂತಿದ್ದೆ, ಪದವಿ ಸಮೇತ.

ನಿನ್ನೆ ಮೈದುನ ಖಂಪಾನ್ ಅಂಗೈ ಕೆರೆದುಕೊಳ್ಳುತ್ತ ಬಂದ. ಕಣ್ಣು ಹಳದಿಯಾಗಿತ್ತು. ಅಣ್ಣನಿಗೂ ಹೀಗೇ ಶುರುವಾಗಿದ್ದು.

"ಮೊದ್ಲು ಸ್ಕ್ಯಾನ್ ಮಾಡಿಸು."

"ಯಾಕತ್ತಿಗೆ? ರಕ್ತ ಕೊಟ್ಟು ಬಂದಿದೀನಲ್ಲ, ನಂದೂ ಎರಡೇ." ಎರಡು ಬೆರಳು ಎತ್ತಿದ. "ಮೂವತ್ತೇಳರ ಒಳಗಿದ್ರೆ ನಿಶ್ಚಿಂತೆ ಅಂದೋರು ನೀವೇ. ಗ್ರಾಫ್ ಬೇರೆ ಬರ್ದಿದೀರಿ."

"ಆ ಗ್ರಾಫು ದಂಡ ಕಣೋ. ನಿಮ್ಮಣ್ಣಂಗೂ ಎರಡೇ ಇತ್ತಲ್ಲ? ಅವನ ರಕ್ತಾನೇ ನಿಂದೂ."

"ಓದಿದೋರೇ ಹಿಂಗೆ ಮಾತು ಬದಲಾಯಿಸಿದ್ರೆ ನಾವು ಯಾರನ್ನ ನಂಬೋದು?"

ತಂದೆತಾಯಿಯಿಂದ ಬರುವ ಗುಣ, ಸಂಭವನೀಯತೆ ಎಲ್ಲವನ್ನೂ ವಿವರಿಸಿದೆ. ನನ್ನ ತರಗತಿಯಲ್ಲಿ ಆಗುವಂತೆಯೇ ಅವನಿಗೂ ಆಕಳಿಕೆ ಬಂತು.

ಅಂಟನ್ನದ ಉಂಡೆ ಹಿಡಿದು ಕೂತಿದ್ದ ಅತ್ತೆ ಬಾಯಿ ತೆರೆದರು. "ನಿಮ್ಮಣ್ಣನ ಆ ಎರಡನ್ನ ನಂಬ್ಕೊಂಡು ನಾನೂ ಪ್ರತಿ ಸಲ ಲಾಟರಿ ತಗೊಂಡೆ. ಒಂದು ಸಲಾನಾದ್ರೂ ಹೊಡೀತಾ? ಸತ್ತ ನಂಬರ್ ಅದು. ಅದನ್ನ ಹಿಡ್ಕೊಂಡು ಕೂತಿದಾನೆ ಪೆದ್ದ. ಏಳು."

ಅವನ ಮುಖ ಸಣ್ಣಗಾಯಿತು. "ಒಂದು ಸಲಾನೂ ಇಲ್ವಾ ಅಮ್ಮ?"

"ಇಲ್ಲ."

ಎದ್ದು ಚಪ್ಪಲಿ ಹುಡುಕಿದ. ನನ್ನ ಹದಿನೈದು ವರ್ಷದ ಓದಿಗೆ ಆಗದಿದ್ದದ್ದು ಅಷ್ಟರಲ್ಲಿ ಆಯಿತು.

ಇವತ್ತು ಡಾಕ್ಟರು ಸ್ಕ್ಯಾನ್ ಪರದೆಯನ್ನು ತುಂಬ ಹೊತ್ತು ನೋಡಿದರು. "ಒಂದು ಇದೆ. ಸಣ್ಣದು. ಬೇಗ ಬಂದಿದೀರಿ, ತೆಗೀಬಹುದು ಅನ್ಸತ್ತೆ."

ಖಂಪಾನ್ ನನ್ನ ಕೈ ಹಿಡಿದುಕೊಂಡ. ಎಷ್ಟು ಸಣ್ಣದು ಎಂದು ನಾನು ಕೇಳಲಿಲ್ಲ.

ಅತ್ತೆ ಕೇಳಿದರು, ಚೀಲದಿಂದ ಹಳೆಯ ಲಾಟರಿ ಚೀಟಿ, ಪೆನ್ನು ತೆಗೆಯುತ್ತ.