ದ್ರಾಕ್ಷಿ ಶೆಡ್ಡಿನ ಬಾಡಿಗೆದಾರರು

ಕನ್ನೊಳ್ಳಿಯ ಕಸ್ತೂರೆವ್ವ ಒಣಹಾಕಿದ ಬಟ್ಟೆಗಳು ಎರಡು ವಾರದಿಂದ ನಾರುತ್ತಿದ್ದವು. ಎಷ್ಟು ಒಗೆದರೂ ಅದೇ ಘಾಟು. ಅದು ಬರುತ್ತಿದ್ದುದು ಹೊಲದಂಚಿನ ಅವಳದೇ ಒಣದ್ರಾಕ್ಷಿ ಶೆಡ್ಡಿನಿಂದ.

ಬೇಸಿಗೆ ಕಳೆದರೆ ಆ ಶೆಡ್ಡು ಖಾಲಿ. ಈ ಮಳೆಗಾಲದಲ್ಲಿ ಹೊರಗಿನ ಇಬ್ಬರು ಬಂದು, ಒಣಗಿಸುವ ಮುಂಚೆ ದ್ರಾಕ್ಷಿ ಅದ್ದುವ ಎಣ್ಣೆ ತಯಾರಿಸುತ್ತೇವೆ ಎಂದು ಅದನ್ನು ಬಾಡಿಗೆಗೆ ಕೇಳಿದ್ದರು. ಕಸ್ತೂರೆವ್ವನ ಗಂಡ ಗುರುಲಿಂಗಪ್ಪ ಚಹಾ ಕುಡಿಸಿ ಕೀಲಿ ಕೊಟ್ಟ. ಕರಾರುಪತ್ರವಿಲ್ಲ, ಆಧಾರ್ ನಕಲೂ ಇಲ್ಲ. ದ್ರಾಕ್ಷಿ ಬೆಳೆಯುವ ಊರಲ್ಲಿ ಎಣ್ಣೆ, ಗಂಧಕದ ವಾಸನೆಗೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ.

"ಇದು ದ್ರಾಕ್ಷಿ ಎಣ್ಣಿ ನಾತ ಅಲ್ರಿ. ಇಪ್ಪತ್ತ ವರ್ಷ ಗೊನಿ ಅದ್ದೇನಿ, ನನಗ ಗೊತ್ತಾಗಂಗಿಲ್ಲೇನ?" ಎಂದಳು ಕಸ್ತೂರೆವ್ವ ಗಂಡನಿಗೆ.

"ನಿನ್ನ ಮೂಗು ಪೊಲೀಸ್ ಖಾತೆಗೆ ಸೇರಸೂಣ ತಗೋ. ಪಾಪ, ಶೆಡ್ಡಿನ್ಯಾಗ ಬೀಡಿ ಸೈತ ಸೇದಂಗಿಲ್ಲ ಅವರು."

"ಯಾಕ ಸೇದಂಗಿಲ್ಲ ಅಂತ ಕೇಳೀರೇನು?"

ಅವನು ಕೇಳಿರಲಿಲ್ಲ. ಮರುದಿನ, ಶೆಡ್ಡಿನಲ್ಲೇ ಉಳಿದಿದ್ದ ಬಣವೆ ಹೊದಿಸುವ ತಾಡಪಾಲು ತರುವ ನೆಪದಲ್ಲಿ ಅವಳೇ ಹೋದಳು. ಒಬ್ಬ ಮೂಗಿಗೆ ಬಟ್ಟೆ ಕಟ್ಟಿಕೊಂಡು ಅರ್ಧ ಬಾಗಿಲು ತೆರೆದ. ಅವನ ಹಿಂದೆ ಗಾಜಿನ ದೊಡ್ಡ ಪಾತ್ರೆಗಳು, ನೀಲಿ ಡ್ರಮ್ಮುಗಳು. ದ್ರಾಕ್ಷಿ ಒಣಗಿಸುವ ಬಲೆಯ ಮೇಲೆ ಪ್ಲಾಸ್ಟಿಕ್ ಹಾಸಿ ಬಿಳಿ ಪುಡಿ ಹರವಿದ್ದರು. ಎಣ್ಣೆ ಮಾಡುವವರಿಗೆ ಪುಡಿ ಏಕೆ? ಕಸ್ತೂರೆವ್ವ ತಾಡಪಾಲು ಹೊತ್ತು ಸರಸರನೆ ಬಂದಳು.

ಅದೇ ಓಣಿಯ ವಿದ್ಯಾವತಿ, ಸಿಂದಗಿಯ ಕೋರ್ಟಿನಲ್ಲಿ ವಕೀಲೆ. ಕಸ್ತೂರೆವ್ವ ಅವಳನ್ನು ಮನೆಗೆ ಕರೆತಂದು, ಗಂಡನ ಎದುರೇ ಕಂಡದ್ದೆಲ್ಲ ಹೇಳಿದಳು.

"ಕಾಕಾ, ಅದು ಅಮಲಿನ ಮಾಲು ಅನ್ನಸ್ತೈತಿ," ಎಂದಳು ವಿದ್ಯಾವತಿ. "ದೊಡ್ಡ ಪ್ರಮಾಣದಾಗ ಮಾಡಿದ್ರ ಕಮ್ಮೀತಕಮ್ಮಿ ಹತ್ತು ವರ್ಷ ಜೈಲು. ಇಪ್ಪತ್ತರ ಮಟಾನೂ ಹೋಗ್ತೈತಿ."

"ಮಾಡಿದವರು ಹೋಗ್ಲಿ. ನಾ ಬರೇ ಕೀಲಿ ಕೊಟ್ಟಾಂವ."

"ಗೊತ್ತಿದ್ದೂ ಜಾಗಾ ಬಿಟ್ಟಕೊಟ್ಟವರಿಗೂ ಅಷ್ಟ ಶಿಕ್ಷಾ. ನಿನ್ನೆ ತನಕ ನಿಮಗ ಗೊತ್ತಿರಲಿಲ್ಲ. ಇವತ್ತ ಗೊತ್ತಾಗೈತಿ."

ಗುರುಲಿಂಗಪ್ಪ ಕುಡಿಯುತ್ತಿದ್ದ ಚಹಾದ ಕಪ್ಪು ಕೆಳಗಿಟ್ಟ. ಅವನಿಗೆ ಅರವತ್ತು ದಾಟಿತ್ತು. "ಈಗ ಹೋಗಿ ಹೊರಗ ಹಾಕ್ತೇನಿ."

"ನೀವು ಹೋಗಬ್ಯಾಡ್ರಿ. ಅವರು ಓಡಿಹೋಗ್ತಾರ, ಇಲ್ಲಾ ನಿಮ್ಮ ಮ್ಯಾಲ ಬೀಳ್ತಾರ. ಆ ಕೆಮಿಕಲ್ಲಿಗೆ ಒಂದು ಕಿಡಿ ಬಿದ್ರ ಶೆಡ್ಡ ಹಾರಿಹೋಗ್ತೈತಿ. ಅದಕ್ಕ ಅವರು ಬೀಡಿ ಸೇದಂಗಿಲ್ಲ. 112ಕ್ಕ ಫೋನ್ ಹಚ್ರಿ."

ಕಸ್ತೂರೆವ್ವ ಫೋನನ್ನು ಗಂಡನ ಕೈಗೆ ತುರುಕಿದಳು. ಮಧ್ಯಾಹ್ನದೊಳಗೆ ಪೊಲೀಸರು ಶೆಡ್ಡನ್ನು ಸುತ್ತುವರಿದು ಒಳಗಿದ್ದ ಇಬ್ಬರನ್ನೂ ಹಿಡಿದರು. ಪುಡಿ ಅಮಲಿನದೇ ಎಂದು ಪ್ರಯೋಗಾಲಯ ಹೇಳಿತು. ಗುರುಲಿಂಗಪ್ಪನನ್ನು ನಾಲ್ಕು ಸಲ ಠಾಣೆಗೆ ಕರೆದರು. ಪ್ರತಿ ಸಲವೂ ಅವನು ಬರುವ ತನಕ ಕಸ್ತೂರೆವ್ವ ಉಣ್ಣಲಿಲ್ಲ.

ಎರಡು ವರ್ಷದ ಮೇಲೆ ವಿಜಯಪುರದ ಕೋರ್ಟಿನಲ್ಲಿ ತೀರ್ಪು ಬಂತು. ಇದು ತಮ್ಮ ಮೊದಲ ತಪ್ಪು, ಶಿಕ್ಷೆ ಕಡಿಮೆ ಮಾಡಿ ಎಂದು ಬಾಡಿಗೆದಾರರಿಬ್ಬರೂ ಬೇಡಿಕೊಂಡರು. ಪಾತ್ರೆ ತಂದು, ಸುಳ್ಳು ಹೆಸರು ಹೇಳಿ, ರೈತನ ಶೆಡ್ಡಿನಲ್ಲಿ ಅಡಗಿ ಮಾಡಿದ್ದು ಕೈತಪ್ಪಿ ಆದದ್ದಲ್ಲ ಎಂದರು ನ್ಯಾಯಾಧೀಶರು. ತಲಾ ಹನ್ನೆರಡು ವರ್ಷ ಕಠಿಣ ಶಿಕ್ಷೆ. ಗುರುಲಿಂಗಪ್ಪನ ಹೆಸರು ಬಂದದ್ದು ಸಾಕ್ಷಿಗಳ ಸಾಲಿನಲ್ಲಿ ಮಾತ್ರ. ಕಸ್ತೂರೆವ್ವ ಬಿಗಿಹಿಡಿದಿದ್ದ ಅವನ ಶಲ್ಯ ಆಗ ಬಿಟ್ಟಳು.

"ಕಾಕಾ, ಚಹಾ ಕುಡಸ್ರಿ ಇನ್ನ," ಎಂದಳು ವಿದ್ಯಾವತಿ.

"ಕುಡಸ್ತೇನಿ. ಮೊದಲ ನಿನ್ನ ಆಧಾರ್ ಕಾರ್ಡ್ ತೋರಸು."

ಕಸ್ತೂರೆವ್ವ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

ಓದುತ್ತಿರುವ ಅಕ್ಕ-ಅಣ್ಣಂದಿರೇ, ನಿಮಗೂ ಒಂದು ಶೆಡ್ಡೋ ಗೋದಾಮೋ ತೋಟದ ಮನೆಯೋ ಇರಬಹುದು. ಬಾಡಿಗೆ ಕೊಡುವ ಮುಂಚೆ ಗುರುತಿನ ಚೀಟಿ ನೋಡಿ, ಕರಾರು ಬರೆಸಿ, ಆಗಾಗ ಹೋಗಿ ಬನ್ನಿ. ಅನುಮಾನ ಬಂದರೆ ನೀವೇ ಒಳಗೆ ನುಗ್ಗಬೇಡಿ, 112ಕ್ಕೆ ತಿಳಿಸಿ. ಗೊತ್ತಾದ ದಿನವೇ ಹೇಳಿದವನು ಸಾಕ್ಷಿಯಾಗಿ ಮನೆಗೆ ಬಂದ. ಗೊತ್ತಿದ್ದೂ ಸುಮ್ಮನಿದ್ದರೆ ಮನೆಗೆ ಮರಳುವ ಆ ಬಾಗಿಲು ಮುಚ್ಚುತ್ತದೆ.